ಟಾರ್ಪಾಲಿನ ಕೆಳಗಿನ ಬೀರು

ಲಾಸ್ ಏಂಜಲೀಸ್
12 ಫೆಬ್ರವರಿ 2023

ವತ್ಸಲಾ ಅತ್ತೆಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಪ್ಪ ಫೋನಿನಲ್ಲಿ ಬೇರೆ ಏನಾದರೂ ಹೇಳಿದ್ದರೆ ಅದು ಅಪ್ಪನ ಅಭಿಪ್ರಾಯ.

ನಿಮ್ಮ ಷರತ್ತು ಮರೆತಿಲ್ಲ. ಶಾಲೆ ಬಿಟ್ಟರೂ ಕನ್ನಡ ಬಿಡಕೂಡದು, ಪತ್ರವನ್ನು ಕೈಯಲ್ಲೇ ಬರೆದು ಅಂಚೆಗೆ ಹಾಕಬೇಕು, ನೀವು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೀರಿ. ಮೈಸೂರಿನ ಕಾಲೇಜಿನಲ್ಲಿ ಅಷ್ಟು ವರ್ಷ ಕನ್ನಡ ಪಾಠ ಹೇಳಿದವರು ಮೀರಾ ಮೆಸಾದಲ್ಲಿ ಮಗ ಅಭಯ್, ಸೊಸೆ ಸುರಭಿಯ ಮನೆ ಸೇರಿದ ಮೇಲೆ, ತಿದ್ದಲು ಒಂದು ಕಾಗದವೂ ಸಿಗದೆ ನಿಮ್ಮ ಕೈ ತುರಿಸುತ್ತಿರಬೇಕು. ತಗೊಳ್ಳಿ, ತಪ್ಪುಗಳನ್ನು ಧಾರಾಳವಾಗಿ ಮಾಡಿದ್ದೇನೆ.

ಬಾಯ್ಲ್ ಹೈಟ್ಸ್‌ನ ಒಂದು ಹಳೆಯ ಸಿನಿಮಾ ಥಿಯೇಟರಿನಲ್ಲಿ ಕೆಲಸ ಸಿಕ್ಕಿದೆ. ಟಿಕೆಟ್ ಹರಿಯುತ್ತೇನೆ, ಪಾಪ್‌ಕಾರ್ನ್ ಮಾಡುತ್ತೇನೆ, ಆಟ ಮುಗಿದ ಮೇಲೆ ಅದನ್ನೇ ಗುಡಿಸುತ್ತೇನೆ. ವಾಲ್‌ನಟ್ ಊರಿನ ಮನೆಯಲ್ಲಿ ಅಮ್ಮ ಈಗಲೂ ಎಲ್ಲರ ಮುಂದೆ "ಮೇದಿನಿ ಗ್ಯಾಪ್ ಇಯರ್ ತಗೊಂಡಿದಾಳೆ" ಅನ್ನುತ್ತಾಳೆ. ಯಾರಾದರೂ ನನ್ನನ್ನೇ ಕೇಳಿದರೆ, "ಇಲ್ಲ ಆಂಟಿ, ಹೈಸ್ಕೂಲಿನ ಕೊನೇ ವರ್ಷ ಬಿಟ್ಟುಬಿಟ್ಟೆ. ಝೂಮ್ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡಿದವಳು ಮತ್ತೆ ಆನ್ ಮಾಡಲೇ ಇಲ್ಲ" ಅನ್ನುತ್ತೇನೆ. ಅದಕ್ಕೇ ಈ ಸಲ ಸಂಕ್ರಾಂತಿಗೆ ನನ್ನನ್ನು ಯಾರೂ ಕರೆಯಲಿಲ್ಲ.

ಥಿಯೇಟರಿನ ಒಡತಿ ಲುಪೆ. ಅವಳು ಈ ವರ್ಷ ಭಾನುವಾರಗಳಂದು ಮೆಕ್ಸಿಕೋದ ಒಬ್ಬನೇ ನಿರ್ದೇಶಕನ ಸಿನಿಮಾಗಳನ್ನು ಹಾಕುತ್ತಿದ್ದಾಳೆ. ಹೆಸರು ಎವಾರಿಸ್ತೊ ಸಲ್ದಿವಾರ್. ಎಲ್ಲವೂ ಮನೆಯೊಳಗಿನ ಕಥೆಗಳು, ತುಂಬ ಗಂಭೀರ. ಅವನ ಸಿನಿಮಾದಲ್ಲಿ ಯಾರೂ ಅಳುವುದಿಲ್ಲ ಅತ್ತೆ. ಅಳಬೇಕಾದ ಹೊತ್ತಿಗೆ ಎದ್ದು ಪಾತ್ರೆ ತೊಳೆಯುತ್ತಾರೆ. ಮೊದಲನೆಯದನ್ನು ನೋಡಿದ ದಿನ ನಾನು ಪೊರಕೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಲುಪೆ ಬಂದು, "ಮಗಳೇ, ಸಿನಿಮಾ ಮುಗೀತು, ಕಸ ಮುಗಿದಿಲ್ಲ" ಅಂದಳು.

ಆ ಸಿನಿಮಾದ ಡಿವಿಡಿ ಇದರ ಜೊತೆ ಇಟ್ಟಿದ್ದೇನೆ. ಹೆಸರು "ಬೇಕರಿಯ ಮೇಲಿನ ಕೋಣೆ" ಎಂದಾಗುತ್ತದೆ. ಮಾತು ಸ್ಪ್ಯಾನಿಷ್, ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ಕಥೆ ಹೇಳುವುದಿಲ್ಲ. ನೋಡಿ ಬರೆಯಿರಿ.

ನಿಮ್ಮ
ಮೇದಿನಿ


ಮೀರಾ ಮೆಸಾ, ಸ್ಯಾನ್ ಡಿಯಾಗೊ
27 ಫೆಬ್ರವರಿ 2023

ಚಿ. ಮೇದಿನಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಪೂರ್ಣವಿರಾಮ ಎಂಬುದೊಂದಿದೆ, ಅದನ್ನೂ ಆಗಾಗ ಉಪಯೋಗಿಸು.

ಸಿನಿಮಾ ನೋಡಿದೆ. ಅಭಯ್ ಹಳೆಯ ಡಿವಿಡಿ ಪ್ಲೇಯರ್ ಹುಡುಕಿ ಜೋಡಿಸಿಕೊಟ್ಟ. ಹಗಲಿನಲ್ಲಿ ಅವನೂ ಸುರಭಿಯೂ ಆಫೀಸಿಗೆ ಹೋದಮೇಲೆ, ಒಗ್ಗರಣೆಯ ವಾಸನೆ ಕೂಡ ಅಡ್ಡಬಾರದ ಹೊತ್ತಿನಲ್ಲಿ ಕುಳಿತು ನೋಡಿದೆ. ಎಂಥ ಕಥೆ! ಆ ಹೆಂಗಸು, ಗಂಡ ಬಿಟ್ಟುಹೋದ ಮೇಲೂ ಬೇಕರಿ ನಡೆಸಿಕೊಂಡು ಬಂದವಳು. ಅದೇ ಗಂಡ ನೆನಪು ಕಳೆದುಕೊಂಡು ಬಂದು ಮೇಲಿನ ಕೋಣೆಗೇ ಬಾಡಿಗೆಗೆ ಸೇರುತ್ತಾನೆ. ಅವಳಿಗೆ ಗುರುತು ಸಿಕ್ಕಿದೆ, ಅವನಿಗಿಲ್ಲ. ಆದರೂ ಒಂದು ಮಾತು ಹೇಳದೆ ದಿನವೂ ಬಿಸಿ ಬ್ರೆಡ್ ಒಯ್ದು ಕೊಡುತ್ತಾಳೆ. ಕೊನೆಯಲ್ಲಿ ಅವನು ಹಾಸಿಗೆ ಹಿಡಿದಾಗ, ಪೆಟ್ಟಿಗೆಯಿಂದ ಅವನೇ ಹಿಂದೆ ಬರೆದಿದ್ದ ಪ್ರೇಮಪತ್ರ ತೆಗೆದು ಓದುತ್ತಾಳಲ್ಲ, ಅವನ ಮುಖ ಬದಲಾಗುತ್ತದಲ್ಲ, ಅಲ್ಲಿ ನಾನು ಕಣ್ಣೊರೆಸಿಕೊಂಡೆ.

ಒಂದು ಹಾಡು ಇದ್ದಿದ್ದರೆ ಕೆಟ್ಟುಹೋಗುತ್ತಿರಲಿಲ್ಲ. ಬೇರೆ ಇದ್ದರೆ ಕಳಿಸು.

ಊಟ ಸರಿಯಾಗಿ ಮಾಡು. ಪಾಪ್‌ಕಾರ್ನ್ ಊಟವಲ್ಲ.

ಅತ್ತೆ


ಲಾಸ್ ಏಂಜಲೀಸ್
10 ಮಾರ್ಚ್ 2023

ಅತ್ತೆಗೆ ನಮಸ್ಕಾರ.

ನಿಮ್ಮ ಪತ್ರವನ್ನು ಲುಪೆಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವಳು ಕನ್ನಡಕ ತೆಗೆದು, "ಯಾರಿದು? ಬರಹಗಾರ್ತಿಯಾ?" ಅಂದಳು. ಯಾಕೆಂದರೆ ಅತ್ತೆ, ಸಿನಿಮಾದಲ್ಲಿ ಅದು ಇಲ್ಲ! ಅವನು ಗಂಡನಲ್ಲ, ನ್ಯಾಯಾಧೀಶ. ಹಿಂದೆ ಆ ಹೆಂಗಸಿನ ತಮ್ಮನನ್ನು ಜೈಲಿಗೆ ಕಳಿಸಿದವನು. ಅವಳು ಕೊನೆಯಲ್ಲಿ ಓದುವುದು ಪ್ರೇಮಪತ್ರವಲ್ಲ, ಅವನೇ ಬರೆದಿದ್ದ ತೀರ್ಪು.

ನೀವು ಬೇಕೆಂದೇ ಕಥೆಯನ್ನು ತಿರುಗಿಸಿ ಬರೆದಿರಿ ತಾನೆ? ಕೋಪವನ್ನು ಪ್ರೀತಿಯಾಗಿ ನೋಡಿದರೆ ಹೇಗಿರುತ್ತದೆ ಅಂತ? ನಾನು ಲುಪೆಗೆ ಹಾಗೇ ವಿವರಿಸಿದೆ. ನಮ್ಮ ಅತ್ತೆ ಮೇಷ್ಟ್ರು, ಅವರು ಯಾವುದನ್ನೂ ನೇರವಾಗಿ ಹೇಳುವುದಿಲ್ಲ ಅಂದೆ. ಕಳೆದ ಭಾನುವಾರ ಆಟಕ್ಕೆ ಮುಂಚೆ ಲುಪೆ ನಿಮ್ಮ ಕಥೆಯನ್ನು ಪ್ರೇಕ್ಷಕರಿಗೆ ಹೇಳಿದಳು. ಒಬ್ಬ ಮುದುಕ ಎದ್ದುನಿಂತು, "ಸಲ್ದಿವಾರ್ ಈ ಹೆಂಗಸನ್ನು ಕೇಳಿ ಸಿನಿಮಾ ಮಾಡಬೇಕಿತ್ತು" ಅಂದ. ಸ್ಯಾನ್ ಡಿಯಾಗೊದ ಪ್ರೊಫೆಸರ್ ಎಂದು ಈಗ ಇಲ್ಲಿ ನಿಮಗೆ ಹೆಸರು ಬಂದಿದೆ.

ಇನ್ನೊಂದು ಡಿವಿಡಿ ಇಟ್ಟಿದ್ದೇನೆ. ಇಬ್ಬರು ಹೆಂಗಸರು, ಒಂದು ಲಾರಿ, ಉದ್ದನೆಯ ದಾರಿ. ನನಗೆ ಎಲ್ಲದಕ್ಕಿಂತ ಇಷ್ಟವಾದದ್ದು ಇದೇ.

ಮೇದಿನಿ


ಮೀರಾ ಮೆಸಾ
2 ಏಪ್ರಿಲ್ 2023

ಚಿ. ಮೇದಿನಿಗೆ ಆಶೀರ್ವಾದ.

ಪ್ರೊಫೆಸರ್ ಎಂದು ಕರೆಸಿಕೊಳ್ಳುವುದು ಕೇಳಲು ಚೆನ್ನಾಗಿಯೇ ಇದೆ. ಹೌದು, ತಿರುಗಿಸಿಯೇ ನೋಡಿದೆ ಎಂದಿಟ್ಟುಕೋ.

ಲಾರಿಯ ಸಿನಿಮಾ ಇನ್ನೂ ಚೆನ್ನಾಗಿದೆ. ಅಕ್ಕತಂಗಿಯರೆಂದರೆ ಹಾಗಿರಬೇಕು. ದಾರಿಯುದ್ದಕ್ಕೂ ಜಗಳ, ಆದರೆ ಒಂದೇ ತಟ್ಟೆಯಲ್ಲಿ ಊಟ. ಮಗಳ ಮದುವೆಗೆ ಬೀರು ಸಾಗಿಸುವುದೆಂದರೆ ಸುಮ್ಮನೆಯೇ? ಅದಕ್ಕೆ ಟಾರ್ಪಾಲು ಹೊದಿಸಿ, ಪ್ರತಿ ಊರಿನಲ್ಲೂ ಇಳಿದು ಹಗ್ಗ ಸರಿಯಾಗಿದೆಯೇ ಎಂದು ನೋಡುತ್ತಾರೆ. ಗೀರು ಬಿದ್ದರೆ ಬೀಗರು ಏನೆಂದಾರು ಎಂಬ ಭಯ ಅಲ್ಲಿಯೂ ಇದೆಯಲ್ಲ! ಕೊನೆಯಲ್ಲಿ ಊರವರೆಲ್ಲ ಬಂದು ಬೀರುವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದದ್ದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಈಗ ಅದಕ್ಕೂ ಆಳು ಕರೆಸುತ್ತಾರೆ. ಮದುಮಗಳನ್ನು ಮಾತ್ರ ತೋರಿಸಲೇ ಇಲ್ಲ, ಅದೊಂದು ಕೊರತೆ.

ಇಲ್ಲಿ ಎಲ್ಲರೂ ಕ್ಷೇಮ. ನನಗೆ ಬೇಕಾದ ಕರಿಬೇವು, ಬಾಳೆಕಾಯಿ ನಾನೇ ಕಾರಿನಲ್ಲಿ ಹೋಗಿ ತರುತ್ತೇನೆ. ಫ್ರೀವೇಗೆ ಹೋಗುವುದಿಲ್ಲ, ಎದುರು ಬರುವ ಗಾಡಿಗಳನ್ನು ದಾಟಿ ಎಡಕ್ಕೆ ತಿರುಗುವ ಗೋಜಿಗೂ ಹೋಗುವುದಿಲ್ಲ. ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ ತಿರುಗುತ್ತ, ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದಂತೆ ಅಂಗಡಿ ಸೇರುತ್ತೇನೆ. ಪುಣ್ಯವೂ ಬಂತು, ಸೊಪ್ಪೂ ಬಂತು.

ಅತ್ತೆ


ಲಾಸ್ ಏಂಜಲೀಸ್
9 ಏಪ್ರಿಲ್ 2023

ಅತ್ತೆಗೆ,

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಆಮೇಲೆ, ಬರೆಯದಿದ್ದರೆ ನಿಮ್ಮ ಮೇಲೆ ಒಳಗೊಳಗೇ ಕೋಪ ಇಟ್ಟುಕೊಂಡಿರುತ್ತೇನೆ, ಅದು ಇನ್ನೂ ಕೆಟ್ಟದ್ದು ಅನ್ನಿಸಿತು.

ನೀವು ಆ ಸಿನಿಮಾ ನೋಡಿಲ್ಲ. ಟಾರ್ಪಾಲಿನ ಕೆಳಗೆ ಇರುವುದು ಬೀರು ಅಲ್ಲ, ಶವಪೆಟ್ಟಿಗೆ. ಅವರಿಬ್ಬರು ಅಕ್ಕತಂಗಿಯರಲ್ಲ, ಒಬ್ಬನೇ ಗಂಡಸಿನ ಇಬ್ಬರು ಹೆಂಡಿರು. ಅವನು ಸತ್ತ ಮೇಲೆಯೇ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಾದದ್ದು. ಇದನ್ನು ಅವರು ಒಂದು ಸಲವಲ್ಲ, ಹತ್ತು ಸಲ ಬಾಯಿಬಿಟ್ಟು ಹೇಳುತ್ತಾರೆ, ಬೈದಾಡುತ್ತಾರೆ. ಎಲ್ಲ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ಸಲ ನಾನು ಅದನ್ನು ನಿಮ್ಮ ಪ್ರತಿಭೆ ಅಂದುಕೊಂಡೆ. ಲುಪೆಯ ಮುಂದೆ ಹೊಗಳಿದೆ. ಈಗ ಅನ್ನಿಸುತ್ತದೆ, ನೀವು ಅಲ್ಲೊಂದು ಇಲ್ಲೊಂದು ದೃಶ್ಯ ಓಡಿಸಿ ನೋಡಿ, ಉಳಿದದ್ದನ್ನು ಕಟ್ಟಿ ಬರೆದಿದ್ದೀರಿ.

ಸಾಲದ್ದಕ್ಕೆ ನನ್ನ ಕಳೆದ ಪತ್ರವನ್ನು ತಿದ್ದದೆ ವಾಪಸ್ ಕಳಿಸಿದ್ದೀರಿ. ಅದರಲ್ಲಿ ತಪ್ಪಿಲ್ಲದಿರಲು ಸಾಧ್ಯವೇ ಇಲ್ಲ.

ಬೇಜಾರಾದರೆ, "ಮೇದಿನಿ, ನಿನ್ನ ಮೆಕ್ಸಿಕೋದವನು ನನಗೆ ಬೋರು" ಅಂತ ಬರೆಯಬಹುದಿತ್ತು. ಇಡೀ ಕುಟುಂಬದಲ್ಲಿ ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳದವರು ನೀವೊಬ್ಬರೇ ಅಂದುಕೊಂಡಿದ್ದೆ.

ಮೇದಿನಿ


ಮೀರಾ ಮೆಸಾ
4 ಮೇ 2023

ಮೇದಿನಿ,

ಇಷ್ಟು ದಿನ ಬರೆಯಲಿಲ್ಲ. ಕೋಪವಿತ್ತು, ಆಮೇಲೆ ಕೋಪ ಇಳಿಯಿತು, ಉಳಿದದ್ದು ನಾಚಿಕೆ.

ಲಾರಿಯ ಸಿನಿಮಾವನ್ನು ನಾನು ಓಡಿಸಿ ನೋಡಲಿಲ್ಲ. ಮತ್ತೆ ಮತ್ತೆ ಹಾಕಿ ನೋಡಿದೆ. ಅಕ್ಷರ ಕಾಣುವುದಿಲ್ಲ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತರೂ ಕೆಳಗೆ ಬಿಳಿಯದೇನೋ ಬಂದು ಹೋಗುತ್ತದೆ. ಮುಖಗಳೂ ಮಂಜಿನ ಹಿಂದೆ ಇರುವಂತೆ. ಅದಕ್ಕೇ ಧ್ವನಿ ಕೇಳಿ, ನಡೆಯುವ ರೀತಿ ನೋಡಿ ಕಥೆ ಕಟ್ಟಿಕೊಂಡೆ. ನಿನ್ನ ಪತ್ರವನ್ನಾದರೆ ಮಧ್ಯಾಹ್ನದ ಬಿಸಿಲಿಗೆ ಹಿಡಿದು, ಭೂತಗನ್ನಡಿಯಿಟ್ಟು, ಒಂದೊಂದೇ ಪದ ಓದುತ್ತೇನೆ. ಪತ್ರ ಕಾಯುತ್ತದೆ ಮಗೂ, ಸಿನಿಮಾ ಕಾಯುವುದಿಲ್ಲ. ತಿದ್ದುವಷ್ಟು ಮಾತ್ರ ಈಗ ಕಾಣುವುದಿಲ್ಲ.

ಇದು ಅಭಯನಿಗೆ ಗೊತ್ತಿಲ್ಲ. ಗೊತ್ತಾಗಬಾರದು. ಗೊತ್ತಾದ ದಿನವೇ ಕಾರಿನ ಕೀ ಹೋಗುತ್ತದೆ. ಈ ಊರು ನಿನಗೆ ಗೊತ್ತಲ್ಲ, ಕಾರಿಲ್ಲದವರು ಮನೆಯ ಕಿಟಕಿಯಲ್ಲಿ ಇಟ್ಟ ಕುಂಡದ ಹಾಗೆ. ಯಾರಾದರೂ ಎತ್ತಿ ಬಿಸಿಲಿಗಿಟ್ಟರೆ ಬಿಸಿಲು. ಲೈಬ್ರರಿ, ಅಂಗಡಿ, ಗೆಳತಿ ಶ್ರೀವಿದ್ಯಾಳ ಮನೆಯ ಕಾಫಿ, ಇಷ್ಟೇ ನನ್ನ ಪ್ರಪಂಚ. ಅದಕ್ಕೂ "ಅಭಯ್, ಬಿಡುವಿದೆಯೇನಪ್ಪ" ಎಂದು ಕೇಳಲಾರೆ.

ನಿನಗೆ ಹೇಳಿದ್ದೇನೆ. ನಿನ್ನಲ್ಲೇ ಇರಲಿ.

ಅತ್ತೆ


ಲಾಸ್ ಏಂಜಲೀಸ್
8 ಮೇ 2023

ಅತ್ತೆಗೆ,

ಮೊದಲು, ಕ್ಷಮಿಸಿ. ಸುಳ್ಳು ಅಂದೆ. ಅದು ನನ್ನ ತಪ್ಪು.

ಎರಡನೆಯದು ನಿಮಗೆ ಇಷ್ಟವಾಗುವುದಿಲ್ಲ. ಶವಪೆಟ್ಟಿಗೆಯನ್ನು ಬೀರು ಅಂದುಕೊಳ್ಳುವವರು ರಸ್ತೆ ದಾಟುವ ಮಗುವನ್ನು ಏನಂದುಕೊಳ್ಳುತ್ತೀರಿ? ನಿಮ್ಮ ಬಲಗಡೆಯ ಪ್ರದಕ್ಷಿಣೆ ಓದಿದಾಗ ಬಿದ್ದುಬಿದ್ದು ನಕ್ಕಿದ್ದೆ. ಈಗ ಅದೇ ಸಾಲನ್ನು ಪೂರ್ತಿ ಓದಲಾಗದೆ ಪತ್ರ ಮಡಿಸಿಟ್ಟೆ.

ನಾನು ಅಭಯ್‌ಗೆ ಫೋನ್ ಮಾಡಿ ಚಾಡಿ ಹೇಳುವುದಿಲ್ಲ. ಆದರೆ ಅವನು ಕೇಳಿದರೆ ಇಲ್ಲ ಅನ್ನುವುದೂ ಇಲ್ಲ. ಈ ತಿಂಗಳ ಕೊನೆಯ ಭಾನುವಾರ ರಜೆ ಹಾಕಿ ರೈಲಿನಲ್ಲಿ ನಿಮಗೆ ಹತ್ತಿರದ ಸೋಲಾನಾ ಬೀಚ್ ಸ್ಟೇಷನ್ನಿಗೆ ಬರುತ್ತೇನೆ. ಅಷ್ಟರೊಳಗೆ ನೀವೇ ಹೇಳಿರಬೇಕು. ಇಲ್ಲದಿದ್ದರೆ ನಿಮ್ಮ ಪಕ್ಕದಲ್ಲೇ ಕುಳಿತು ನಾನು ಹೇಳುತ್ತೇನೆ. ಫೋನಿನಲ್ಲಿ ಇದನ್ನೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀವು ಮಾತು ಬದಲಾಯಿಸಿ ಉಪ್ಪಿನಕಾಯಿಗೆ ಹೋಗುತ್ತೀರಿ.

ದಯವಿಟ್ಟು ಅಲ್ಲಿಯವರೆಗೆ ಕಾರು ತೆಗೆಯಬೇಡಿ.

ಮೇದಿನಿ


ಮೀರಾ ಮೆಸಾ
13 ಮೇ 2023

ಕುಮಾರಿ ಮೇದಿನಿಗೆ,

ಹೈಸ್ಕೂಲು ಮುಗಿಸಲಾಗದವಳು ನನಗೆ ಪರೀಕ್ಷೆ ಇಟ್ಟಿದ್ದೀಯ, ದಿನಾಂಕವನ್ನೂ ಗೊತ್ತು ಮಾಡಿದ್ದೀಯ. ಬಹಳ ಸಂತೋಷ.

ರೈಲಿನ ಖರ್ಚು ಉಳಿಸಿಕೋ.

ವತ್ಸಲಾ


ಲಾಸ್ ಏಂಜಲೀಸ್
17 ಮೇ 2023

ಅತ್ತೆಗೆ,

ನಿಮ್ಮ ಪತ್ರ ಓದಿ ಅತ್ತುಬಿಟ್ಟೆ. ಲುಪೆ ಏನಾಯಿತೆಂದು ಕೇಳಿದಳು, ಈರುಳ್ಳಿ ಅಂದೆ. ನೋಡಿ, ನನ್ನ ಬಾಯಲ್ಲೂ ಸುಳ್ಳು ಬರಿಸಿದಿರಿ. ಅವಳು, "ನಮ್ಮಲ್ಲಿ ಈರುಳ್ಳಿ ಎಲ್ಲಿದೆ?" ಅಂದಳು. ಕೊನೆಗೆ ಎಲ್ಲ ಹೇಳಿದೆ.

ಟಿಕೆಟ್ ತೆಗೆದಾಗಿದೆ. ಬರುತ್ತೇನೆ. ನೀವು ಬಾಗಿಲು ತೆಗೆಯದಿದ್ದರೆ ಸುರಭಿ ತೆಗೆಯುತ್ತಾಳೆ.

ನಿಮ್ಮ ಮೇಲೆ ಕೋಪವಿಲ್ಲ. ಭಯ ಇದೆ. ಎರಡೂ ಬರೆಯುವಾಗ ಒಂದೇ ಥರ ಕಾಣುತ್ತವೆ.

ಮೇದಿನಿ


ಮೀರಾ ಮೆಸಾ
22 ಮೇ 2023

ಚಿ. ಮೇದಿನಿಗೆ ಆಶೀರ್ವಾದ.

ಹೇಳಿದೆ.

ನಿನ್ನೆ ಬೆಳಗ್ಗೆ ದೋಸೆ ತಿನ್ನುತ್ತಿದ್ದರು. ನಾನು ಎದುರು ಕುಳಿತು, "ಅಭಯ್, ನಿನಗೊಂದು ವಿಷಯ ಹೇಳಬೇಕು" ಎಂದೆ. ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮೈಸೂರಿಗೆ ವಾಪಸ್ ಹೋಗ್ತೀನಿ ಅಂತ ಮಾತ್ರ ಹೇಳ್ಬೇಡಮ್ಮ" ಎಂದ.

"ಅದಲ್ಲ. ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಕಣೋ. ವರ್ಷದ ಮೇಲಾಯ್ತು."

"ವರ್ಷದ ಮೇಲಾ! ಮತ್ತೆ ಕಾರು?"

"ಓಡಿಸ್ತೀನಿ. ಬಲಕ್ಕೆ ಮಾತ್ರ ತಿರುಗ್ತೀನಿ."

ಅವನು ತುತ್ತು ತಟ್ಟೆಗೆ ಹಾಕಿ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಅಮ್ಮಾ! ಎಡಗಡೆ ಟೈರು ಮಾತ್ರ ಯಾಕೆ ಸವೀತಿದೆ ಅಂತ ಆ ಮೆಕ್ಯಾನಿಕ್ ಹತ್ರ ಎರಡು ಸಲ ಜಗಳ ಆಡ್ಕೊಂಡು ಬಂದಿದೀನಿ. ಅಲೈನ್‌ಮೆಂಟ್ ಸರಿ ಮಾಡೋಕೆ ಬರಲ್ಲ ಅಂತ ಬೈದಿದೀನಿ ಅವನ್ನ!"

ಸುರಭಿಗೆ ನಗು ತಡೆಯಲಾಗಲಿಲ್ಲ. "ಅತ್ತೆ ಪ್ರದಕ್ಷಿಣೆ ಹಾಕಿದಾರೆ, ನೀವು ಹೋಗಿ ಮೆಕ್ಯಾನಿಕ್‌ಗೆ ಮಂಗಳಾರತಿ ಎತ್ತಿದೀರ" ಎಂದಳು. ಅವನು ನಗಲಿಲ್ಲ. ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತ. "ನಂಗೆ ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದ ಧ್ವನಿ ಚಿಕ್ಕಂದಿನದು. ನಾನೇ ಕೀ ತಂದು ಮೇಜಿನ ಮೇಲಿಟ್ಟೆ. ಕೇಳಿ ತೆಗೆದುಕೊಂಡಿದ್ದರೆ ಸಹಿಸುತ್ತಿರಲಿಲ್ಲ.

ಕಳೆದ ಪತ್ರದಲ್ಲಿ ಬರೆದದ್ದು ಮೇಷ್ಟ್ರ ನಾಲಗೆಯಿಂದ ಬಂದದ್ದು. ಅದನ್ನು ನೀನೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕು.

ಭಾನುವಾರ ಬಾ. ಪರೀಕ್ಷೆ ಮುಗಿದಿದೆ, ಊಟಕ್ಕೆ ಬಾ. ಬಿಸಿಬೇಳೆಭಾತ್ ಮಾಡಿಸುತ್ತೇನೆ.

ಅತ್ತೆ


ಮೀರಾ ಮೆಸಾ
16 ಜುಲೈ 2023

ಚಿ. ಮೇದಿನಿಗೆ ಆಶೀರ್ವಾದ.

ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆದರು. ಮೊದಲ ದಿನವೇ ಅಡಿಗೆಮನೆಯ ಗೋಡೆ ನೋಡಿ, ಇಷ್ಟು ದಿನ ಯಾರೂ ಇದನ್ನು ಒರೆಸಿಲ್ಲವೇ ಎಂದೆ. ಸುರಭಿ, "ಕಣ್ಣು ಬಂತು, ಕಷ್ಟಾನೂ ಬಂತು" ಎಂದಳು. ಕನ್ನಡಿ ನೋಡಿದೆ. ಮುಖದ ಮೇಲೆ ಇಷ್ಟೊಂದು ಸುಕ್ಕುಗಳು ಯಾವಾಗ ಬಂದವೋ, ನನ್ನನ್ನು ಕೇಳದೆ ಬಂದಿವೆ.

ಪೊರೆಯ ಹಿಂದೆ ಇನ್ನೊಂದು ಇತ್ತು. ಗ್ಲಾಕೋಮಾ. ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಎರಡೂ ಪಕ್ಕ ಕತ್ತಲೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಔಷಧಿಯಿಂದ ಉಳಿಸಿಕೊಳ್ಳಬಹುದು. ಇನ್ನೂ ತಡವಾಗಿದ್ದರೆ ಎದುರಿನದೂ ಹೋಗುತ್ತಿತ್ತಂತೆ. ಕಾರು ಇನ್ನಿಲ್ಲ. ಈ ಎರಡು ಪದ ಬರೆಯಲು ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಮತ್ತು ನಿನಗೆ ಸುಳ್ಳು ಹೇಳಿ ಅರಗಿಸಿಕೊಳ್ಳಲಾಗುವುದಿಲ್ಲ.

ಲಾರಿಯ ಸಿನಿಮಾ ಮತ್ತೆ ಹಾಕಿಸಿಕೊಂಡು, ಅಕ್ಷರಗಳನ್ನೆಲ್ಲ ಓದಿ ನೋಡಿದೆ. ಅಬ್ಬಾ, ಎಂಥ ಬೈಗುಳ! ಎರಡನೆಯವಳು ಹಗ್ಗ ಬಿಗಿಯುತ್ತ, "ಬದುಕಿದ್ದಾಗ ಜಾರಿಕೊಂಡ, ಈಗ ಬಿಡಲ್ಲ" ಎನ್ನುವಾಗ ನಾನೊಬ್ಬಳೇ ಕುಳಿತು ನಕ್ಕೆ. ನಿನ್ನ ಸಲ್ದಿವಾರ್ ಜಾಣ. ಆದರೆ ಒಂದು ಮಾತು. ಊರು ತಲುಪುವ ಹೊತ್ತಿಗೆ ಮೊದಲನೆಯವಳು ಬಿಸಿ ಕಾಫಿಯನ್ನು ಊದಿ ಆರಿಸಿ ಇನ್ನೊಬ್ಬಳಿಗೆ ಕೊಡುತ್ತಾಳೆ. ಅಕ್ಷರದಲ್ಲಿ ಅದು ಬರಲಿಲ್ಲ. ಅಕ್ಕತಂಗಿಯರು ಎಂದಿದ್ದೆನಲ್ಲ, ಅದಕ್ಕೆ ಪೂರ್ತಿ ಸೊನ್ನೆ ಕೊಡಬೇಡ. ಅರ್ಧ ಅಂಕವಾದರೂ ಕೊಡು.

ನಿನ್ನ ಹಳೆಯ ಪತ್ರಗಳನ್ನು ತೆಗೆದು ತಿದ್ದಲು ಕುಳಿತಿದ್ದೇನೆ. ಕೆಂಪು ಪೆನ್ನು ಖಾಲಿಯಾಗುವ ಲಕ್ಷಣವಿದೆ.

ಅತ್ತೆ


ಲಾಸ್ ಏಂಜಲೀಸ್
30 ಜುಲೈ 2023

ಅತ್ತೆಗೆ ನಮಸ್ಕಾರ.

ಅರ್ಧ ಅಂಕ ಅಲ್ಲ, ಮುಕ್ಕಾಲು ಕೊಟ್ಟಿದ್ದೇನೆ. ಆ ಕಾಫಿಯ ದೃಶ್ಯವನ್ನು ನಾನು ಅಷ್ಟು ಸಲ ನೋಡಿಯೂ ಗಮನಿಸಿರಲಿಲ್ಲ. ಅಕ್ಷರ ಓದುತ್ತಿದ್ದೆ.

ಕಾರು ಇನ್ನಿಲ್ಲ ಎಂದು ಓದಿದ ಮೇಲೆ ಎರಡು ದಿನ ಪತ್ರ ಶುರುಮಾಡಿ ಹರಿದುಹಾಕಿದೆ. ನಾನು ಹಠ ಹಿಡಿಯದಿದ್ದರೆ ಕಾರು ಇನ್ನೂ ನಿಮ್ಮ ಹತ್ತಿರ ಇರುತ್ತಿತ್ತು. ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ಹಠ ಹಿಡಿಯುತ್ತೇನೆ. ಇವೆರಡೂ ನಿಜ. ಮೊದಲನೆಯದಕ್ಕೆ ಸಂಕಟವಾಗುತ್ತದೆ, ಎರಡನೆಯದಕ್ಕೆ ಪಶ್ಚಾತ್ತಾಪವಿಲ್ಲ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೇಗೆ ಬರೆಯುವುದೋ ನೀವು ಹೇಳಿಕೊಡಬೇಕು.

ಅಭಯ್ ಫೋನ್ ಮಾಡಿದ್ದ. ಬುಧವಾರ ಮನೆಯಿಂದಲೇ ಕೆಲಸವಂತೆ, ಅಂದು ಅವನೇ ಲೈಬ್ರರಿಗೆ ಬಿಡುತ್ತಾನಂತೆ. ಶ್ರೀವಿದ್ಯಾ ಆಂಟಿ ತಾವೇ ಬಂದು ಕಾಫಿಗೆ ಕರೆದುಕೊಂಡು ಹೋಗುತ್ತಾರಂತೆ. "ಅಮ್ಮ ಹಿಂದಿನ ಸೀಟಲ್ಲಿ ಕೂತು 'ಎಡಕ್ಕೆ ಯಾಕೆ ತಿರುಗಿಸ್ದೆ' ಅಂತ ಬೈತಾಳೆ ಕಣೆ" ಅಂದ.

ಆಗಸ್ಟ್ 20ರ ಭಾನುವಾರ ಸಲ್ದಿವಾರ್ ಸರಣಿಯ ಕೊನೆಯ ಸಿನಿಮಾ. ಅದನ್ನು ನಾನೂ ನೋಡಿಲ್ಲ, ಡಿವಿಡಿ ಕೂಡ ಇಲ್ಲ. ಲುಪೆ ನಿಮ್ಮನ್ನು ಕರೆಯಲೇಬೇಕು ಅಂದಿದ್ದಾಳೆ. ಅವಳಿಗೆ ನಿಜ ಹೇಳಿಬಿಟ್ಟಿದ್ದೇನೆ, ನೀವು ಪ್ರೊಫೆಸರ್ ಥರ ತಿರುಗಿಸಿ ನೋಡಿದ್ದಲ್ಲ, ಕಣ್ಣು ಕಾಣದೆ ನೋಡಿದ್ದು ಅಂತ. "ಹಾಗಾದರೆ ಇನ್ನೂ ದೊಡ್ಡ ಪ್ರೊಫೆಸರ್" ಅಂದಳು. ಆದರೆ ನಮ್ಮ ಥಿಯೇಟರಿನಲ್ಲಿ ಮೆಟ್ಟಿಲು ಕತ್ತಲು, ಸೀಟಿನ ನಡುವೆ ಜಾಗ ಕಡಿಮೆ. ಪಕ್ಕದ್ದು ಕಾಣದಿದ್ದರೆ ನಿಮಗೆ ಕಷ್ಟವಾಗುತ್ತದೇನೋ ಎಂದು ಭಯ. ಬರಲೇಬೇಕೆಂದು ಒತ್ತಾಯ ಮಾಡುವುದಿಲ್ಲ.

ಮೇದಿನಿ


ಮೀರಾ ಮೆಸಾ
8 ಆಗಸ್ಟ್ 2023

ಚಿ. ಮೇದಿನಿಗೆ ಆಶೀರ್ವಾದ.

ಆ ಎರಡನ್ನೂ ಒಂದು ವಾಕ್ಯದಲ್ಲಿ ಬರೆಯಬೇಡ. ಎರಡು ವಾಕ್ಯ ಮಾಡಿ, ನಡುವೆ ಪೂರ್ಣವಿರಾಮ ಇಡು. ನೀನು ಇಟ್ಟಿರುವ ಹಾಗೆಯೇ ಸರಿಯಾಗಿದೆ.

ಬರುತ್ತೇನೆ. ರೈಲಿಗೆ ಅಭಯ್ ಹತ್ತಿಸುತ್ತಾನೆ, ಯೂನಿಯನ್ ಸ್ಟೇಷನ್ನಿನಲ್ಲಿ ನೀನು ಇಳಿಸಿಕೋ. ನಿನ್ನ ಅಪ್ಪನಿಗೂ ಫೋನ್ ಮಾಡಿ, "ಜಯಂತ, ನಿನ್ನ ಮಗಳ ಥಿಯೇಟರಿಗೆ ಹೋಗ್ತಿದೀನಿ, ನೀನೂ ನಮ್ರತಾನೂ ಬರ್ತೀರೋ ಇಲ್ವೋ" ಎಂದೆ. "ನೋಡೋಣ ಅಕ್ಕ" ಎಂದ. ನಮ್ಮ ಮನೆತನದಲ್ಲಿ ನೋಡೋಣ ಎಂದರೆ ಬರುತ್ತೇನೆ ಎಂದೇ ಅರ್ಥ. ಎರಡು ಸೀಟು ಹೆಚ್ಚಿಗೆ ಹಿಡಿದಿಡು, ಆದರೆ ನಮ್ಮ ಹಿಂದಿನ ಸಾಲಿನಲ್ಲಿ. ಅವನು ಸಿನಿಮಾದ ಮಧ್ಯೆ ಮಾತಾಡುತ್ತಾನೆ.

ಮೆಟ್ಟಿಲಿಗೆ ನಿನ್ನ ಕೈ ಹಿಡಿಯುತ್ತೇನೆ. ಕುಳಿತ ಮೇಲೆ ನನಗೇನು ಕಷ್ಟ? ಸಿನಿಮಾ ನೋಡಲು ಎದುರು ಕಂಡರೆ ಸಾಕು. ಪಕ್ಕದಲ್ಲಿ ನೀನಿರುತ್ತೀಯ. ನೀನು ಪಾಪ್‌ಕಾರ್ನ್ ಜಗಿಯುವ ಸದ್ದು ಕೇಳುತ್ತಿರುತ್ತದಲ್ಲ, ಇದ್ದೀಯೋ ಇಲ್ಲವೋ ಎಂದು ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳುವ ಅಗತ್ಯವಿಲ್ಲ.

ಅತ್ತೆ